ಏರಿಯ ಮೇಲಿನ ಸನ್ಮಾನ

ಅದು ಶುರುವಾದದ್ದು ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ. ಇಷ್ಟು ಖಚಿತವಾಗಿ ಹೇಳಲು ನನ್ನ ಫೋನೇ ಕಾರಣ. ಆ ಹೊತ್ತಿಗೆ ಸರಿಯಾಗಿ ನಾನು ವಿಡಿಯೊ ಶುರು ಮಾಡಿದ್ದೆ. ಅದರ ಮೊದಲ ಮೂರು ಸೆಕೆಂಡಿನಲ್ಲಿ ಚಿತ್ರದ ಮೂಲೆಯಿಂದ ಒಂದು ಕೈ ಬಂದು, ಮಿನಿಬಸ್ಸಿನ ಡ್ಯಾಶ್‌ಬೋರ್ಡಿನ ಮೇಲೆ ಆರತಿ ತಟ್ಟೆಯೊಂದನ್ನು ಇಟ್ಟು ಹಿಂದೆ ಸರಿಯುತ್ತದೆ. ತಟ್ಟೆಯಲ್ಲಿ ಕುಂಕುಮ, ಬಿಡಿ ಹೂವು, ಎರಡು ನಿಂಬೆಹಣ್ಣು. ಮುಂಗೈಯಲ್ಲಿ ಹಸಿರು ಬಳೆ. ಆ ಕೈ ನನ್ನದು.

ನಮ್ಮ ಊರು ಗುಬ್ಬಿ ತಾಲ್ಲೂಕಿನ ಅಂಚಿನಲ್ಲಿದೆ. ಕೆರೆ ದಾಟಿ ಸ್ವಲ್ಪ ಹೋದರೆ ಕುಣಿಗಲ್ ತಾಲ್ಲೂಕು. ಎರಡಕ್ಕೂ ಕೊನೆಯ ಊರಾದ್ದರಿಂದ, ಬಸ್ಸು ನಮ್ಮಲ್ಲಿಗೆ ಬರುವ ಹೊತ್ತಿಗೆ ಬೇರೆ ಊರಿನವರೆಲ್ಲ ಕೆಲಸದಲ್ಲಿ ಕೂತಿರುತ್ತಿದ್ದರು. ನಾನು ಎಂ.ಎಸ್ಸಿ. ಮುಗಿಸಿ ತುಮಕೂರಿನ ಅಂತರಸನಹಳ್ಳಿಯಲ್ಲಿ ಒಂದು ಕಾರ್ಖಾನೆಯ ಲ್ಯಾಬಿಗೆ ಸೇರಿದಾಗ, ಮೊದಲ ಶಿಫ್ಟು ಹಿಡಿಯಲು ಕತ್ತಲಿರುವಾಗಲೇ ಮೇನ್‌ರೋಡಿಗೆ ನಡೆಯಬೇಕಿತ್ತು. ನಮ್ಮ ಒಟ್ಟು ಮನೆಯಲ್ಲೇ ಇದ್ದು ಅದೇ ಶಿಫ್ಟಿಗೆ ಹೋಗುವ ಚಿಕ್ಕಮ್ಮ ಜೊತೆಗಿರುತ್ತಿದ್ದಳು. ಇಬ್ಬರೂ ಕೈಯಲ್ಲಿ ಒಂದೊಂದು ಕಲ್ಲು ಹಿಡಿದು ನಡೆಯುತ್ತಿದ್ದೆವು. ನಾಯಿಗೆ ಎಂದು ಹೇಳಿಕೊಳ್ಳುತ್ತಿದ್ದೆವು.

ಆ ನಡಿಗೆ ತಪ್ಪಿಸಿದವರು ಮಾವ. ಅವರು ಕುಣಿಗಲ್ ಕಡೆಯ ಮಾರ್ಕೋನಹಳ್ಳಿ ಹತ್ತಿರದವರು. ನಮ್ಮೂರಿನ ಅಳಿಯನಾಗಿ ಬಂದು ಇಲ್ಲೇ ನಿಂತವರು. ಹಾಗಾಗಿ ಊರಿನ ನಮ್ಮ ಓರಗೆಯವರಿಗೆಲ್ಲ ಮಾವ. ವರ್ಷಗಟ್ಟಲೆ ಲಾರಿ ಓಡಿಸಿ, ಆಮೇಲೆ ಒಂದು ಹಳೇ ಮಿನಿಬಸ್ಸು ತಂದು, ಶಿಫ್ಟಿನ ಹೊತ್ತಿಗೆ ಹೊಂದಿಸಿ ಊರಿನಿಂದ ಗುಬ್ಬಿ, ಬಟವಾಡಿ, ಅಂತರಸನಹಳ್ಳಿಗೆ ಓಡಿಸತೊಡಗಿದರು. ರಸ್ತೆಗೆ ಚಾಚಿದ ಸೀಮೆಜಾಲಿ ಕೊಂಬೆ ಕಿಟಕಿ ಪಕ್ಕ ಕೂತವರ ಮುಖಕ್ಕೆ ಬಡಿಯುತ್ತದೆಂದು ರಜೆಯ ದಿನ ಮಚ್ಚು ಹಿಡಿದು ತಾವೇ ಕಡಿಯುತ್ತಿದ್ದರು. ಒಬ್ಬಳು ಬರಲಿಲ್ಲವೆಂದರೆ ಅವಳ ಮನೆ ಮುಂದೆ ನಿಲ್ಲಿಸಿ, "ಏನವ್ವಾ, ತಲೆ ಬಾಚ್ಕೊಳೋದು ಗುಬ್ಬೀಲಿ ಮುಗಿಸ್ಕೊ, ಹತ್ತು" ಎನ್ನುತ್ತಿದ್ದರು.

ಅವರದು ಒಂದೇ ಕಟ್ಟುನಿಟ್ಟು. ತಮ್ಮ ಕಾಲಿನ ಹತ್ತಿರ ಯಾರೂ ಏನೂ ಇಡಬಾರದು. ಟಿಫನ್ ಬ್ಯಾಗಿಗೂ ಜಾಗವಿಲ್ಲ, ನೀರಿನ ಬಾಟಲಿಗೂ ಇಲ್ಲ. ದಿನಾ ಗಾಡಿ ಬಿಡುವ ಮುಂಚೆ ಕೂತಲ್ಲೇ ಬಗ್ಗಿ, ಪೆಡಲ್ಲುಗಳ ಅಡಿಯನ್ನು ಅಂಗೈಯಿಂದ ಒಮ್ಮೆ ಸವರಿ, ಕೈ ಒರೆಸಿಕೊಂಡು ಹೊರಡುತ್ತಿದ್ದರು. ನಾವು ಅದನ್ನು ನಮಸ್ಕಾರ ಎಂದುಕೊಂಡಿದ್ದೆವು.

ಅವರಿಗೆ ಸನ್ಮಾನ ಮಾಡಬೇಕೆಂದು ಊರವರು ಸೇರಿದಾಗ, ಶಾಲೆ ಮುಂದೆ ಪೆಂಡಾಲು ಹಾಕಿ ಕುರ್ಚಿಯಲ್ಲಿ ಕೂರಿಸುವುದು ಎಂದಿತ್ತು. ಬೇಡ ಎಂದವಳು ನಾನು. "ಮಾವನ ಜಾಗ ಸ್ಟೇರಿಂಗ್ ಮುಂದೆ ಅಲ್ವಾ? ಪೇಟ, ಶಾಲು, ಹಾರ ಎಲ್ಲಾ ಅಲ್ಲೇ ಹಾಕೋಣ. ಅವರೇ ಗಾಡಿ ಓಡಿಸ್ಕೊಂಡು ಕೆರೆ ಏರಿ ಮೇಲಿಂದ ದೇವಸ್ಥಾನಕ್ಕೆ ಬರಲಿ. ಮುಂದೆ ತಮಟೆ ಇರಲಿ."

"ಓದಿರೋರ ತಲೆ ನೋಡ್ರಪ್ಪ ಹೆಂಗ್ ಓಡ್ತದೆ!" ಎಂದರು ಚಿಕ್ಕಪ್ಪ. ನನಗೆ ಹೆಮ್ಮೆಯಾಯಿತು.

ನಮ್ಮೂರಲ್ಲಿ ಯಾವುದನ್ನೂ ಅಲಂಕಾರವಿಲ್ಲದೆ ಬಿಡುವುದಿಲ್ಲ. ಬಂಪರಿನ ಎರಡೂ ಬದಿಗೆ ಬಾಳೆಕಂದು ಕಟ್ಟಿದರು. ಮುಂದಿನ ಗಾಜಿಗೆ ಅಡ್ಡಡ್ಡ ಚೆಂಡುಹೂವಿನ ಸರ ಬಿಗಿದರು. ಕೊನೆಗೆ ಒಂದು ಮೊರದಷ್ಟು ಗಾಜು ಮಾತ್ರ ಕಾಣುತ್ತಿತ್ತು. ಮಾವನ ತಲೆಗೆ ಪೇಟ ಇಟ್ಟರು. ಅದು ಒಂದು ಸುತ್ತು ಸಡಿಲವಿತ್ತು. "ಅಳ್ಳಾಡಿಸ್ಬ್ಯಾಡಿ ಮಾವಾ, ಬಿದ್ದೋಯ್ತದೆ. ಪೇಟ ಬಿದ್ರೆ ಒಳ್ಳೇದಲ್ಲ" ಎಂದು ಯಾರೋ ಹೇಳಿದರು. ಅವರು ಕತ್ತು ನೆಟ್ಟಗೆ ಹಿಡಿದು ಮೆಟ್ಟಿಲು ಹತ್ತಿ ಕೂತರು. ನಾವು ಹೆಂಗಸರು ಒಳಗೇ ಆರತಿ ಎತ್ತಿದೆವು. ತಟ್ಟೆ ನನ್ನ ಕೈಗೆ ಬಂತು. ಇನ್ನೊಂದು ಕೈಯಲ್ಲಿ ಫೋನು. ವಿಡಿಯೊ ಮಾಡಬೇಕಿತ್ತು. ತಟ್ಟೆ ಇಟ್ಟೆ.

ಗಾಡಿ ತುಂಬ ಹೆಂಗಸರು, ಮುದುಕರು. ನಾನು ಮಾವನ ಪಕ್ಕ ಎಂಜಿನ್ನಿನ ಬಾನೆಟ್ಟಿಗೆ ಒರಗಿ ನಿಂತಿದ್ದೆ; ಚಿಕ್ಕಮ್ಮ ನನ್ನ ಹಿಂದೆ. ಮುಂದೆ ಇಪ್ಪತ್ತು ಅಡಿ ದೂರದಲ್ಲಿ ತಮಟೆಯವರು, ಅವರ ಹಿಂದೆ, ಅಂದರೆ ಗಾಡಿಯ ಮೂತಿಗೇ, ಕುಣಿಯುವ ಮಕ್ಕಳು. "ಮಾವಾ, ತಮಟೆ ಏಟಿಗ್ ಸರ್ಯಾಗ್ ಹಾರನ್ ಹೊಡೀರಿ!" ಎಂದು ಗಾಡಿಯೊಳಗಿದ್ದ ನಾವು ಕೂಗಿದೆವು. ಮಾವ ನಕ್ಕು ಹೊಡೆದರು. ಪೋಂ, ಪೋಂ. ಮಕ್ಕಳು ಕುಣಿದರು. ಮತ್ತೆ ಹೊಡೆದರು. ಇನ್ನೂ ಜೋರಾಗಿ ಕುಣಿದರು. ಹಾರ್ನ್ ಆದರೆ ಕುಣಿಯಬೇಕು ಎಂದು ನಾವು ಅವರಿಗೆ ಹತ್ತು ನಿಮಿಷ ಕಲಿಸಿದೆವು.

ಏರಿ ಮುಗಿಯುವಲ್ಲಿ ದೇವಸ್ಥಾನದ ಕಡೆಗೆ ಇಳಿಜಾರಿದೆ. ಎಡಕ್ಕೆ ತುಂಬಿದ ಕೆರೆ, ಬಲಕ್ಕೆ ಎರಡಾಳು ಆಳದಲ್ಲಿ ಗದ್ದೆ. ನಡಿಗೆಯ ವೇಗದಲ್ಲಿ ಹೋಗಬೇಕಾದ್ದರಿಂದ ಮಾವ ಕ್ಲಚ್ಚು ಒತ್ತಿ, ಗಾಡಿಯನ್ನು ಬ್ರೇಕಿನ ಮೇಲೆಯೇ ಹಿಡಿದು ಬಿಡುತ್ತಾ ಬರುತ್ತಿದ್ದರು. ಇಳಿಜಾರಿನ ಬಾಯಿಗೆ ಬಂದಾಗ ಗಾಡಿ ಮುಂದಕ್ಕೆ ಬಾಗಿತು. ತಟ್ಟೆ ಜಾರಿತು. ಒಂದು ನಿಂಬೆಹಣ್ಣು ಉರುಳಿ ಅಂಚಿಗೆ ಬಂದು, ಒಂದು ಕ್ಷಣ ನಿಂತು, ಬಿತ್ತು.

ವಿಡಿಯೊದಲ್ಲಿ ಅದು ಕಾಣುವುದಿಲ್ಲ. ಮೊದಲು ಎರಡು ಹಣ್ಣಿರುತ್ತವೆ, ಆಮೇಲೆ ಒಂದು. ಆದರೆ ನಾನು ಕಣ್ಣಾರೆ ನೋಡಿದೆ. ಮಾವನ ಬಲಗಾಲು ಒತ್ತುತ್ತಿತ್ತು. ಪೆಡಲ್ಲು ಅರ್ಧಕ್ಕೇ ನಿಂತಿತ್ತು. ಅದರ ಅಡಿಯಲ್ಲಿ ಹಳದಿ. ಅವರು ಹ್ಯಾಂಡ್‌ಬ್ರೇಕು ಎಳೆದರು. ತುಂಬಿದ ಗಾಡಿ ಅದಕ್ಕೆ ಜಗ್ಗಲಿಲ್ಲ. ಹಾರ್ನಿನ ಮೇಲೆ ಅಂಗೈ ಊರಿ ತೆಗೆಯಲೇ ಇಲ್ಲ.

ಮಕ್ಕಳು ಕುಣಿದರು. ಗಾಡಿಯತ್ತ ತಿರುಗಿ, ಕೈ ಮೇಲೆತ್ತಿ, ನಗುತ್ತಾ ಕುಣಿದರು.

ನನ್ನ ಬಾಯಿ ತೆರೆದಿತ್ತು. ವಿಡಿಯೊದಲ್ಲಿ ನನ್ನ ದನಿ ಇದೆ. "ಮಾ" ಎಂದಿದ್ದೇನೆ, ಅಷ್ಟೇ. ಬಗ್ಗಿ ಕೈ ಹಾಕಬಹುದಿತ್ತೇ, ಕೈಗೆ ಎಟುಕುತ್ತಿತ್ತೇ ಎಂದು ಈಗಲೂ ಅಡುಗೆಮನೆಯಲ್ಲಿ ಬಗ್ಗಿದಾಗಲೆಲ್ಲ ಲೆಕ್ಕ ಹಾಕುತ್ತೇನೆ.

ಮಾವ ಸ್ಟೇರಿಂಗನ್ನು ಎಡಕ್ಕೆ, ನೀರಿನ ಕಡೆಗೆ ಎಳೆದರು. ಅಲ್ಲಿ ತೂಬಿನ ಎರಡು ಕಲ್ಲುಕಂಬಗಳಿವೆ. ಗಾಡಿ ಅದಕ್ಕೆ ಗುದ್ದಿತು. ನಾವೆಲ್ಲ ಒಬ್ಬರ ಮೇಲೊಬ್ಬರು ಬಿದ್ದೆವು. ಫೋನು ಕೈಬಿಟ್ಟು ಮಗುಚಿತು. ಅಲ್ಲಿಂದ ಮುಂದೆ ವಿಡಿಯೊದಲ್ಲಿ ಬರೀ ಕತ್ತಲೆ. ಆದರೆ ತಮಟೆ ಇನ್ನೂ ಕೇಳುತ್ತದೆ. ಹಿಂದೆ ಏನಾಯಿತೆಂದು ತಿಳಿಯದೆ ಅವರು ಬಡಿಯುತ್ತಲೇ ಇದ್ದರು. ಆಮೇಲೆ ಒಂದೊಂದಾಗಿ ನಿಂತವು.

ಒಂದು ಮಗುವಿಗೂ ತರಚಲಿಲ್ಲ. ಒಳಗಿದ್ದವರಲ್ಲಿ ಚಿಕ್ಕಮ್ಮನ ಮುಂಗೈ ಮೂಳೆ ಮುರಿಯಿತು. ಉಳಿದವರಿಗೆ ಸಣ್ಣಪುಟ್ಟ ಪೆಟ್ಟು. ಕಂಬದ ಆಚೆ ಎಡಗಡೆಯ ಮುಂಚಕ್ರ ನೀರಿನ ಮೇಲೆ ಸುಮ್ಮನೆ ತಿರುಗುತ್ತಿತ್ತು. ಎಲ್ಲರೂ ಇಳಿಯುವ ಗಲಾಟೆಯಲ್ಲಿ ನಾನು ಬಗ್ಗಿ ನಿಂಬೆಹಣ್ಣು ಎತ್ತಿ ಬ್ಯಾಗಿಗೆ ಹಾಕಿಕೊಂಡೆ. ಒಂದು ಪಕ್ಕ ಚಪ್ಪಟೆಯಾಗಿತ್ತು, ಒಡೆದಿರಲಿಲ್ಲ. ಯಾಕೆ ಎತ್ತಿಕೊಂಡೆ? ಯೋಚಿಸಿ ಮಾಡಲಿಲ್ಲ. ಆದರೆ ಯೋಚಿಸಿದ್ದರೂ ಅದನ್ನೇ ಮಾಡುತ್ತಿದ್ದೆ ಎಂದು ನನಗೆ ಗೊತ್ತು.

ಸಂಜೆಯೊಳಗೆ ಊರಿನ ಮಾತು ತಿರುಗಿತು. "ಪೇಟ ಇಕ್ಕಿದ್ದೇ ತಡ, ತಲೆ ಮ್ಯಾಲೆ ಕೊಂಬು ಬಂತು ನನ್ಮಗಂಗೆ" ಎಂದರು ಚಿಕ್ಕಪ್ಪ. "ಮೆರೆಯಕ್ಕೆ ಹೋಗವ್ನೆ. ಕುಡ್ದಿದ್ನೋ ಏನೋ ಯಾರ್ ಕಂಡವ್ರೆ?" ಅವರೇ ಗುಬ್ಬಿಗೆ ಹೋಗಿ ಪೊಲೀಸ್ ದೂರು ಕೊಟ್ಟರು. ಗಾಡಿ ನೋಡಲು ಬಂದ ಇನ್ಸ್‌ಪೆಕ್ಟರು ಬ್ರೇಕು ಒತ್ತಿ ನೋಡಿ, ಸರಿಯಾಗಿಯೇ ಇದೆ ಎಂದರು. ಆ ಮಾತಿನ ಅರ್ಥ ಎಲ್ಲರಿಗೂ ತಿಳಿಯಿತು. ಬ್ರೇಕು ಸರಿಯಿದ್ದರೆ ತಪ್ಪು ಕಾಲಿನದು. ಲೈಸೆನ್ಸು ಹೋಗುತ್ತದೆ, ಗಾಡಿ ಮತ್ತೆ ನಮ್ಮೂರಿಗೆ ಬರುವುದಿಲ್ಲ. ಮಾವ ಯಾರಿಗೂ ಏನೂ ಹೇಳದೆ ಮಾರ್ಕೋನಹಳ್ಳಿಯ ತಂಗಿಯ ಮನೆಗೆ ಹೋದರು.

ಹಣ್ಣು ನನ್ನ ಪುಸ್ತಕಗಳ ಹಿಂದೆ ಒಣಗುತ್ತಿತ್ತು. ರಾತ್ರಿ ಕಣ್ಣು ಮುಚ್ಚಿದರೆ ನಗುವ ಮಕ್ಕಳು ಹತ್ತಿರ ಬರುತ್ತಿದ್ದರು. ಎದ್ದು ವಿಡಿಯೊ ನೋಡುತ್ತಿದ್ದೆ, ದನಿ ತೆಗೆದು. ಬೆಳಿಗ್ಗೆ ಮತ್ತೆ ಮೇನ್‌ರೋಡಿಗೆ ನಡಿಗೆ. ಚಿಕ್ಕಮ್ಮನಿಗೆ ಪ್ಲಾಸ್ಟರು, ಆದ್ದರಿಂದ ಒಬ್ಬಳೇ. ಇನ್ನಿಬ್ಬರು ಹುಡುಗಿಯರನ್ನು ಮನೆಯವರು ಕೆಲಸ ಬಿಡಿಸಿದರು. ಉಳಿದವರು ಗೂಡ್ಸ್ ಆಟೊ ಹಿಂಬದಿಯಲ್ಲಿ ಕಂಬಿ ಹಿಡಿದು ನಿಂತು ಹೋಗುತ್ತಿದ್ದರು. ಒಂದು ಮುಂಜಾನೆ ಆ ಆಟೊ ನನ್ನ ಪಕ್ಕದಲ್ಲೇ ಹಳ್ಳ ತಪ್ಪಿಸಲು ವಾಲಿ, ಎರಡು ಚಕ್ರದ ಮೇಲೆ ನಿಂತು, ಮತ್ತೆ ಕೂತಿತು. ಒಳಗಿನವರು ಕಿರುಚಲೂ ಇಲ್ಲ. ಇದೂ ನನ್ನ ಕೈಯಿಂದಲೇ ಎನ್ನಿಸಿತು. ಮುಂದಿನ ರಜೆಗೆ ಕುಣಿಗಲ್ ಬಸ್ಸು ಹತ್ತಿದೆ. ಡ್ರೈವರ್ ಬ್ರೇಕು ಹಾಕಿದಾಗಲೆಲ್ಲ ನನ್ನ ಬಲಗಾಲು ನೆಲವನ್ನು ಒತ್ತುತ್ತಿತ್ತು.

ಮಾವ ನಾಲೆಯ ಪಕ್ಕ ತಂಗಿಯ ಗದ್ದೆಗೆ ನೀರು ತಿರುಗಿಸುತ್ತಿದ್ದರು. ನಾನು ಹಣ್ಣನ್ನು ಅವರ ಮುಂದೆ ಹಿಡಿದೆ. ಅವರು ಅದನ್ನು ತೆಗೆದುಕೊಳ್ಳಲಿಲ್ಲ.

"ಗೊತ್ತು ಕಣವ್ವ. ಕಾಲಿಗ್ ಗೊತ್ತಾಗಲ್ವಾ? ಉಂಡುಂಡ್ಗೆ ಇತ್ತು."

"ಮತ್ತೆ ಯಾಕ್ ಮಾವ ಹೇಳ್ಲಿಲ್ಲ?"

"ಹೇಳುದ್ರೆ, ತಟ್ಟೆ ಯಾರ್ದು ಅಂತ ಹುಡುಕ್ತಾರೆ. ಆರತಿ ಎತ್ತಿದ್ದು ಹೆಣ್ಮಕ್ಳು. ಆ ಹೆಸ್ರು ಒಬ್ಬಳ ಮ್ಯಾಲೆ ಕೂತ್ರೆ ಸಾಯೋಗಂಟ ಹೋಗಲ್ಲ. ನಾನಾದ್ರೆ ಇಲ್ಲಿ ನೀರ್ ಕಟ್ಕೊಂಡ್ ಇರ್ತೀನಿ ಬುಡು."

"ತಟ್ಟೆ ಇಟ್ಟಿದ್ದು ನಾನು. ಬೀಳೋದೂ ನೋಡ್ದೆ."

ಅವರು ಬಗ್ಗಿ ಬದುವಿಗೆ ಒಂದು ಹಿಡಿ ಮಣ್ಣು ಒತ್ತಿದರು. ಬೈಯಲಿ ಎಂದು ಕಾದೆ.

"ನಂದೂ ತಪ್ಪು ಅದೆ. ದಿನಾ ಬಗ್ಗಿ ಕೈಯಾಡುಸ್ತೀನಿ. ಕಾಲತ್ರ, ಮುಂದ್ಗಡೆ, ಎಲ್ಲಾ ಒಂದ್ ಕಿತ ನೋಡ್ತೀನಿ. ಅವತ್ ಬಗ್ಗುದ್ರೆ ಪೇಟ ಬೀಳ್ತದಲ್ಲಾ ಅಂತ ಬಗ್ಗಲಿಲ್ಲ. ಬಗ್ಗಿದ್ರೆ ತಟ್ಟೆ ಕಣ್ಣಿಗ್ ಬೀಳೋದು. ಮೂವತ್ ವರ್ಸ ಲಾರಿ ಓಡ್ಸಿದೀನಿ, ಒಂದ್ ಪೇಟಕ್ಕೆ ಹೆದ್ರುಕೊಂಡೆ ನೋಡು." ನಗಲು ಹೋದರು, ಆಗಲಿಲ್ಲ. "ಆ ಮಕ್ಳು, ನಾನು ಹಾರನ್ ಒತ್ತಿದಷ್ಟೂ ಕುಣುದ್ವಲ್ಲವ್ವ..."

ಅವರಿಗೂ ನಿದ್ದೆಯಿಲ್ಲ ಎಂದು ಆಗ ತಿಳಿಯಿತು.

ಸೋಮವಾರ ರಜೆ ಹಾಕಿ ಗುಬ್ಬಿಯ ಠಾಣೆಗೆ ಹೋಗಿ ವಿಡಿಯೊ ತೋರಿಸಿದೆ. ಬರವಣಿಗೆಯಲ್ಲಿ ಹೇಳಿಕೆ ಕೊಟ್ಟೆ. ಸುದ್ದಿ ನನಗಿಂತ ಮೊದಲೇ ಊರು ಸೇರಿತ್ತು. ಚಿಕ್ಕಪ್ಪ ಜಗುಲಿಯ ಮೇಲೆ ಕಾಯುತ್ತಿದ್ದರು.

"ಎಂ.ಎಸ್ಸಿ. ಓದ್ಬುಟ್ಟು ಇಷ್ಟೇನೇನೇ ನಿನ್ ಬುದ್ಧಿ? ನಿಮ್ ಚಿಕ್ಕಮ್ಮನ ಕೈ ಮುರ್ದವ್ಳು ನೀನೇ. ಮೂರ್ ವಾರ ಬಾಯಿಗ್ ಬೀಗ ಹಾಕ್ಕೊಂಡ್ ನಮ್ ಮನೇಲೇ ಉಣ್ತಿದ್ದೆಯಲ್ಲೇ!"

ಒಳಗಿನಿಂದ ಚಿಕ್ಕಮ್ಮ ಪ್ಲಾಸ್ಟರಿನ ಕೈಯನ್ನು ಎದೆಗೆ ಹಿಡಿದು ಬಂದಳು. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ. ಗಂಡನ ಕಡೆಗೆ ತಿರುಗಿ, "ದೂರು ವಾಪಸ್ ತಗೊಂಬನ್ನಿ" ಎಂದಳು. "ಇವ್ಳನ್ನ ಆಮೇಲ್ ಬೈಯಿರಿ. ನಾನೂ ಬೈತೀನಿ. ಮೊದ್ಲು ಗಾಡಿ ಬರ್ಲಿ. ಈ ಕೈ ಕೂಡುದ್ ಮ್ಯಾಲೆ ಕತ್ಲಲ್ಲಿ ನಡ್ಯಕ್ಕಾಗಲ್ಲ ನಂಗೆ."

ಹೇಳಿಬಿಟ್ಟರೆ ನಿದ್ದೆ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ದೂರು ಹಿಂದೆಗೆದರೂ ವಿಚಾರಣೆ ತಿಂಗಳುಗಟ್ಟಲೆ ಎಳೆಯಿತು. ಕೆಲವರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಒಬ್ಬಾಕೆ ಅರಿಶಿನ ಕುಂಕುಮದ ತಟ್ಟೆಯನ್ನು ನನ್ನ ಕೈಗೆ ಕೊಡಲು ಬಂದು, ನೆನಪಾಗಿ, ಪಕ್ಕದವಳಿಗೆ ಕೊಟ್ಟಳು. ಮಾವ ಹೇಳಿದ್ದು ಸರಿಯಾಗಿತ್ತು. ಅದು ಕೂತರೆ ಹೋಗುವುದಿಲ್ಲ.

ಕೊನೆಗೆ ಮಾವನ ಲೈಸೆನ್ಸು ಉಳಿಯಿತು. ತುಮಕೂರಿನ ಗ್ಯಾರೇಜಿನಿಂದ ಗಾಡಿ ಬಂತು. ಪೂಜೆ ಮಾಡೋಣ ಎಂದವರಿಗೆ ಮಾವ ಕೈ ಮುಗಿದು, "ಏನೂ ಬ್ಯಾಡಿ, ಟೈಮಿಗ್ ಸರ್ಯಾಗ್ ಬನ್ನಿ, ಸಾಕು" ಎಂದರು. ಅದು ಒಂದು ಶನಿವಾರ. ಕೆಲಸ ಬಿಟ್ಟಿದ್ದ ಇಬ್ಬರಲ್ಲಿ ಒಬ್ಬಳು ಬಂದಳು; ಇನ್ನೊಬ್ಬಳನ್ನು ಅಷ್ಟರಲ್ಲಿ ಮದುವೆ ಮಾಡಿ ಕಳಿಸಿದ್ದರು. ಗಾಡಿ ಏರಿಯ ಮೇಲೆ ಹತ್ತಿತು. ಚಿಕ್ಕಮ್ಮ ವಾಸಿಯಾದ ಕೈಯಿಂದ ನನ್ನ ತೋಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಬೆರಳಿನ ಗುರುತು ಮೂಡಿತ್ತು. ಇಳಿಜಾರಿನ ಬಾಯಲ್ಲಿ ಮಾವ ಗಾಡಿಯನ್ನು ಪೂರ್ತಿ ನಿಲ್ಲಿಸಿದರು. ನಿಂತಿತು. ಆಮೇಲೆ ಬಿಟ್ಟರು.

ಸಂಜೆ ಅದೇ ಗಾಡಿಯಲ್ಲಿ ಎಲ್ಲರೂ ವಾಪಸು ಬಂದೆವು. ಒಬ್ಬೊಬ್ಬರನ್ನೂ ಅವರವರ ಮನೆ ಮುಂದೆ ಇಳಿಸಿದ್ದನ್ನು ಕೊನೆಯವರೆಗೂ ಕೂತು ನೋಡಿದೆ. ಮನೆಗೆ ಬಂದು ಮುದ್ದೆ ಉಂಡು, ಚಾಪೆ ಹಾಸಿಕೊಂಡು ಮಲಗಿದೆ. ಫೋನು ಬ್ಯಾಗಿನಲ್ಲೇ ಇತ್ತು. ಅಮ್ಮ ಅಲುಗಾಡಿಸಿ ಎಬ್ಬಿಸಿದಾಗ ಬೆಳಕಾಗಿತ್ತು. ನಡುವೆ ಒಮ್ಮೆಯೂ ಎದ್ದಿರಲಿಲ್ಲ.