ಲವಂಗದೆಣ್ಣೆ ಎಬ್ಬಿಸಿದ ಮೂಗು

"ನೀಲವ್ವಾ, ರೊಟ್ಟಿ ಹೊತ್ತಾಕತ್ತೈತಿ!" ಎಂದು ಅವ್ವ ಹಿತ್ತಲಿನಿಂದ ಕೂಗಿದಾಗ ನಾನು ರೊಟ್ಟಿ ತಿರುವುವುದನ್ನೇ ಮರೆತು ಕುಳಿತೆ. ಜ್ವರ ಬಂದು ಹೋದ ಮೇಲೆ ಆರು ತಿಂಗಳಿಂದ ಅವಳಿಗೆ ಯಾವ ವಾಸನೆಯೂ ತಿಳಿಯುತ್ತಿರಲಿಲ್ಲ.

ಬಬಲೇಶ್ವರದ ಸಂತೆಗೆ ಬರುತ್ತಿದ್ದ ಅತ್ತರಿನ ಮುದುಕ, ಅವ್ವ ಆಸೆಪಟ್ಟ ಗುಲಾಬಿ ಅತ್ತರನ್ನು ಕೊಡಲೇ ಇಲ್ಲ. "ಅದರ ಘಮ ಭಾಳ ಮೆತ್ತಗರಿ, ಮಲಗಿದ ಮೂಗ ಏಳಂಗಿಲ್ಲ. ದಿನಾ ಒಲಿ ಹಚ್ಚೂ ಮೊದಲ ಇದನ್ನ ಮೂಸ್ರಿ ಯವ್ವಾ" ಎಂದು ಲವಂಗದೆಣ್ಣೆಯ ಸಣ್ಣ ಸೀಸೆ ಕೊಟ್ಟಿದ್ದ. ಅವ್ವ ಅವನನ್ನು ಬೈಯುತ್ತಲೇ ದಿನವೂ ಹತ್ತಿಗೆ ಒಂದು ಹನಿ ಹಾಕಿ ಮೂಸುತ್ತಿದ್ದಳು.

ಯುದ್ಧದ ಕಾಲದ ರೇಷನ್ ಜೋಳದ ಆ ಕರಕಲು ರೊಟ್ಟಿಯನ್ನು ನಾನು ಎಮ್ಮೆಗೆ ಹಾಕಹೊರಟರೆ ಅವ್ವ ಕಸಿದುಕೊಂಡಳು. ಮತ್ತೆ ಮತ್ತೆ ಮೂಗಿಗೆ ಹಿಡಿದು, ಪೂರ್ತಿ ತಾನೇ ತಿಂದಳು. ಇಂದಿಗೂ ರೊಟ್ಟಿ ಹೊತ್ತಿದರೆ ನಮ್ಮ ಮನೆಯಲ್ಲಿ ಯಾರೂ ಬೈಯುವುದಿಲ್ಲ.