ಪಂಕ್ತಿಯ ಈಚೆ ಕುಳಿತವನು

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ; ಹಾಗೆಂದು ಹೇಳಿಕೊಳ್ಳಲು ಇವತ್ತಿಗೂ ನನಗೆ ಸಂಕೋಚವಿಲ್ಲ.

ಇತಿಹಾಸ ಕಲಿಸುವ ಸರ್ ಹತ್ತಿರ ಇಟಲಿಯ ಹಳೆಯ ಚಿತ್ರಗಳ ದಪ್ಪ ಪುಸ್ತಕವೊಂದಿತ್ತು. ಯುರೋಪಿನ ಪುನರುಜ್ಜೀವನದ ಪಾಠ ಮುಗಿದಾಗ ನಮಗೆಲ್ಲ ಒಂದೊಂದು ಚಿತ್ರ ಹಂಚಿ, "ಮೊದಲ ಕಣ್ಣತುಂಬ ನೋಡ್ರಿ, ಆಮ್ಯಾಲೆ ಬಾಯಿ ತೆಗೀರಿ," ಎಂದರು. ಚೆನ್ನಾಗಿ ಮಾತಾಡಿದವನಿಗೆ ಧಾರವಾಡದಲ್ಲಿ ಎಂ.ಎ. ಓದಲು ಶಿಫಾರಸು ಪತ್ರ ಕೊಡುವವರಿದ್ದರು. ಆ ಪತ್ರವಿಲ್ಲದಿದ್ದರೆ ನನ್ನ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಪುಸ್ತಕ ನನ್ನ ಪಾಳಿಗೆ ಬಂದ ಶನಿವಾರ ಊರಿಗೆ ಹೋಗಲು ಸಿಂದಗಿಯಲ್ಲಿ ಇಂಡಿ ಕಡೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅದು ನನ್ನ ತೊಡೆಯ ಮೇಲೇ ತೆರೆದಿತ್ತು. ಉದ್ದನೆಯ ಮೇಜು, ಬಿಳಿ ಹಾಸು. ಅದರ ಹಿಂದೆ ಗುರು ಮತ್ತು ಶಿಷ್ಯರಂತೆ ಕಾಣುವವರು ಒಂದೇ ಸಾಲಿನಲ್ಲಿ ಕುಳಿತಿದ್ದರು. ಎಲ್ಲರ ತಲೆಯ ಸುತ್ತ ಬಂಗಾರದ ಬಳೆ. ಒಬ್ಬ ಮಾತ್ರ ಮೇಜಿನ ಈಚೆ, ನಮಗೆ ಬೆನ್ನು ಮಾಡಿ ಕುಳಿತಿದ್ದ. ಅವನ ತಲೆಗೆ ಬಳೆಯಿಲ್ಲ, ಕೈಯಲ್ಲೊಂದು ಸಣ್ಣ ಗಂಟು. ಪುಟ ಮುಚ್ಚುತ್ತಿದ್ದೆ, ಮತ್ತೆ ತೆರೆಯುತ್ತಿದ್ದೆ. ಬೆನ್ನು ಕಂಡಿತೇ ಹೊರತು ಮಾತು ಹುಟ್ಟಲಿಲ್ಲ.

ಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವನ ಮುಂದೆ ಪುಸ್ತಕ ಹಿಡಿದೆ.

"ಒಂದ ಮಗ್ಗಲಿಗೆ ಕುಂತಾರಂದ್ರ ಪಂಕ್ತಿ ಊಟ. ಬಡಸಾವ್ರು ಎದುರಿಂದ ಬರ್ತಾರ," ಎಂದಳು. ಆಮೇಲೆ ಈಚೆಯವನ ಮೇಲೆ ಬೆರಳಿಟ್ಟಳು. "ಇಂವ ನಮ್ಮಂವ ಇರಬೇಕು ನೋಡು. ತನ್ನ ಬುತ್ತಿ ತಾನ ಕಟಗೊಂಡು ಬಂದಾನ."

ಊರಿನ ಮದುವೆಗಳಿಗೆ ನಾವು ಮನೆಯಿಂದಲೇ ಉಣ್ಣುವ ಗಂಗಾಳ ಒಯ್ಯುತ್ತಿದ್ದೆವು. ಪಂಕ್ತಿ ಎದ್ದ ಮೇಲೆ ದನದ ಕೊಟ್ಟಿಗೆಯ ಬದಿಗೆ ನಮಗೆ ಬಡಿಸುತ್ತಿದ್ದರು. ಅವ್ವನ ಮಾತನ್ನು ಅನುಮಾನಿಸುವುದೇನಿತ್ತು? ಚಿತ್ರದ ಕೆಳಗಿನ ಇಂಗ್ಲಿಷ್ ಬರಹ ಓದದೆಯೇ ಎಂಟು ಪುಟ ಬರೆದೆ.

ಸೋಮವಾರ ತರಗತಿಯಲ್ಲಿ ನಿಂತು, ಇಟಲಿಯಲ್ಲೂ ಪಂಕ್ತಿಯಿಂದ ಹೊರಗಿಟ್ಟವರಿದ್ದರು, ಇಗೋ ಸಾಕ್ಷಿ, ಇಗೋ ಅವನ ಬುತ್ತಿ ಎಂದೆ. ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ: "ಲೇ, ಅದು ಬುತ್ತಿ ಅಲ್ಲಲೇ, ರೊಕ್ಕದ ಚೀಲ! ಗುರುವನ್ನ ಮಾರಿಕೊಂಡ ಮಗ ಅಂವ!"

ಕೋಣೆಯೆಲ್ಲ ನಕ್ಕಿತು. ಸರ್ ನಗಲಿಲ್ಲ, ಕ್ರೈಸ್ತರ ಧರ್ಮಗ್ರಂಥದ ಕಥೆ ಹೇಳಿದರು. ಗುರುವಿನ ಕೊನೆಯ ಊಟ ಅದು. ಇವನು ಹಣ ಪಡೆದು ಗುರುವನ್ನು ವೈರಿಗಳಿಗೆ ಹಿಡಿದುಕೊಡಲಿದ್ದ. ನೋಡುವವರಿಗೆ ಗುರುತು ಸಿಗಲೆಂದೇ ಚಿತ್ರಕಾರ ಅವನನ್ನು ಬೇರೆ ಕೂರಿಸಿದ್ದ.

ಪತ್ರ ಕೈತಪ್ಪಿತೆಂದು ಗೊತ್ತಾಯಿತು. ಆದರೂ ಕೂರಲು ಕಾಲು ಒಪ್ಪಲಿಲ್ಲ.

"ಅಂವ ಇನ್ನೂ ಹಿಡಿದು ಕೊಟ್ಟಿಲ್ಲಲ್ರಿ ಸರ್. ಉಣ್ಣಾಕ ಕುಂತಾನ. ಈಗ ಯಾಕ ಬ್ಯಾರೆ ಕುಂದ್ರಿಸಿದ್ರು?"

ಈ ಸಲ ಯಾರೂ ನಗಲಿಲ್ಲ. ಸರ್ ಪುಸ್ತಕ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಕಥಿ ತಪ್ಪಿದಿ," ಎಂದರು. ಮೂರನೆಯ ದಿನ ಕರೆದು ಪತ್ರ ಕೈಗಿಟ್ಟರು. "ಇನ್ನ ಮುಂದ ಕೆಳಗ ಬರದದ್ದೂ ಓದು," ಎಂದರು.

ಪತ್ರ ತೋರಿಸಲು ಊರಿಗೆ ಹೋದರೆ ಅವ್ವ ಅದನ್ನು ಹಣೆಗೆ ಒತ್ತಿಕೊಂಡು ಕೇಳಿದಳು: "ಆ ನಮ್ಮಂವಗ ಉಣ್ಣಾಕ ಹಾಕಿದ್ರೇನು?"

ಗುರುವೇ ತನ್ನ ಕೈಯಾರೆ ಅವನಿಗೆ ತುತ್ತು ಕೊಟ್ಟ ಎಂದೆ. ಅದು ಸುಳ್ಳಲ್ಲ, ಕಥೆಯಲ್ಲಿತ್ತು. ತುತ್ತಿನ ನಂತರದ್ದನ್ನು ಹೇಳಲು ಬಾಯಿ ಬರಲಿಲ್ಲ. ಅವ್ವ ಇರುವ ತನಕ ಹೇಳಲೇ ಇಲ್ಲ.