ನೀರು ನಿಲ್ಲದ ಸಮತಲ

ಕೂತಲ್ಲಿ ಕೂರಲಾರದ ರೋಗ ನನಗೆ. ಕಾಲು ತಾನಾಗಿ ಅಲ್ಲಾಡುತ್ತಿರುತ್ತದೆ. ಕಾಫಿ ಜಾಸ್ತಿಯಾಯಿತು ಎನ್ನುತ್ತಾಳೆ ಹೆಂಡತಿ. ಕಾರಣ ನನ್ನ ತಂಗಿ ಗೌರಿ ಎಂದು ಅವಳಿಗೆ ಹೇಳಿಲ್ಲ.

ಆಗ ಗೌರಿ ಐದನೇ ಕ್ಲಾಸು. ನಾನು ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟು ತೋಟಕ್ಕೆ ನೀರು ಕಟ್ಟುತ್ತಿದ್ದವನು. ಒಂದು ಸಂಜೆ ಕೇಳಿದಳು: "ಅಣ್ಣಯ್ಯ, ಸಮತಲ ಅಂದ್ರೇನು?"

ತೆಂಗಿನ ಸೀಮೆಯವನಿಗೆ ನೀರಿಗಿಂತ ದೊಡ್ಡ ಮೇಷ್ಟ್ರಿಲ್ಲ. ಪಾತಿ ಮಟ್ಟವಾಗಿದೆಯೋ ಇಲ್ಲವೋ ಅದೇ ಹೇಳುತ್ತದೆ. "ನೀರು ಹರೀದೆ ನಿಂತ್ರೆ ಸಮತಲ ಕಣೇ. ಹರಿದ್ರೆ ಅಲ್ಲ."

"ಹಂಗಾರೆ ಗೋಡೆ?"

ನನಗೆ ಗೊತ್ತಿರಲಿಲ್ಲ. ನಾಲ್ಕು ಕ್ಲಾಸು ಓದಿದವನ ಜಂಬ ಎಂ.ಎ. ಓದಿದವನಿಗೂ ಇರಲಿಕ್ಕಿಲ್ಲ, ಉತ್ತರ ಸಿಗದಿದ್ದಾಗ ದನಿ ಏರುತ್ತದೆ. "ಗೋಡೆ ಮ್ಯಾಲೆ ನೀರು ನಿಲ್ತದೇನೇ? ಹೇಳಿದ್ದು ಬರ್ಕೊ, ಹೋಗು."

ಮಾರನೆಯ ದಿನ ಅವಳು ಕ್ಲಾಸಿನಲ್ಲಿ ಗೋಡೆಯೂ ಸಮತಲವಲ್ಲ, ಕರಿಹಲಗೆಯೂ ಅಲ್ಲ ಎಂದು ವಾದಿಸಿದಳಂತೆ. ಮೇಷ್ಟ್ರು ಆ ಹಲಗೆಯ ಪಕ್ಕದಲ್ಲೇ ಸಂಜೆಯವರೆಗೆ ನಿಲ್ಲಿಸಿದರಂತೆ. ಯಾರು ಹೇಳಿಕೊಟ್ಟದ್ದು ಎಂದರೆ ಬಾಯಿ ಬಿಡಲಿಲ್ಲವಂತೆ. ಇದೆಲ್ಲ ಪಕ್ಕದ ಮನೆಯ ಹುಡುಗಿ ಹೇಳಿದ್ದು. ಗೌರಿ ನನಗೆ ಏನೂ ಹೇಳಲಿಲ್ಲ. ಅವತ್ತಿನಿಂದ ನನ್ನನ್ನು ಏನೂ ಕೇಳಲೂ ಇಲ್ಲ.

ತಪ್ಪಾಯಿತು ಎನ್ನಲು, ಅವಳನ್ನು ಕೊಟ್ಟ ಹುಳಿಯಾರಿಗೆ ಮೂರು ಸಲ ಬಸ್ಸು ಹತ್ತಿದ್ದೇನೆ. ಮೂರು ಸಲವೂ ಕಾಯಿಚೀಲ ಇಳಿಸಿ, ಉಂಡು, ತೋಟದ ನೆಪ ಹೇಳಿ ಎದ್ದು ಬಂದಿದ್ದೇನೆ.

ಈ ಬೇಸಿಗೆಯಲ್ಲಿ ಅವಳು ಇಬ್ಬರು ಹೆಣ್ಣುಮಕ್ಕಳೊಂದಿಗೆ ಬಂದಳು. ಮಕ್ಕಳ ಕೈಯಲ್ಲಿ ಅದೇ ಸಮತಲದ ಪಾಠ. ಒಳಗೆ ಗೌರಿ ಕಾಯಿ ತುರಿಯುವ ಸದ್ದು. ಇಷ್ಟು ವರ್ಷದಲ್ಲಿ ಅವರಿವರನ್ನು ಕೇಳಿ ತಿಳಿದದ್ದನ್ನೆಲ್ಲ ಸೇರಿಸಿ, ಅವರ ಸ್ಲೇಟನ್ನು ನೆಲಕ್ಕಿಟ್ಟೆ, ಓರೆ ಮಾಡಿದೆ, ನೆಟ್ಟಗೆ ನಿಲ್ಲಿಸಿದೆ.

"ಇದು ಹೆಂಗೆ ನಿಂತ್ರೂ ಸಮತಲವೇ ಕಣ್ರವ್ವಾ. ಸೊಟ್ಟ, ಡೊಂಕು ಇರಬಾರ್ದು, ಅಷ್ಟೇ. ನಿಮ್ಮವ್ವಂಗೆ ನಾನೇ ತಪ್ಪು ಹೇಳ್ಕೊಟ್ಟು ಮೇಷ್ಟ್ರತ್ರ ಬೈಸಿದ್ದೆ."

ತುರಿಯುವ ಸದ್ದು ನಿಂತಿತು.

ಕಿರಿಯವಳು ಸ್ಲೇಟಿನ ಅಂಚು ಮುಟ್ಟಿದಳು. "ಸಮತಲ ಇಲ್ಲಿಗೇ ಮುಗೀತದಾ ಮಾವ?"

"ಮುಗಿಯೋದೇ ಇಲ್ವಂತೆ. ಸ್ಲೇಟು ಬರೀ ಒಂದು ತುಂಡು."

"ಮುಗೀದೆ ಎಲ್ಲಿಗೆ ಹೋಗ್ತದೆ?"

"ನಂಗೊತ್ತಿಲ್ಲ ಕಣವ್ವ."

ಗೌರಿ ಬಾಗಿಲಿಗೆ ಬಂದು ನಿಂತಳು. "ಇಷ್ಟು ಹೇಳಕ್ಕೆ ಇಪ್ಪತ್ತು ವರ್ಷ ಬೇಕಾಯ್ತೇನಣ್ಣಯ್ಯ?" ಅವಳು ಕೈಯಲ್ಲಿದ್ದ ಕಾಯಿಹೋಳನ್ನು ನನ್ನ ಮೂಗಿಗೆ ಹಿಡಿದಳು. "ಇದು ಕೆಟ್ಟದೆಯಾ, ನೋಡು."

ಮೂಸಿದೆ. ಮೂಗು ಕಟ್ಟಿಕೊಂಡಿತ್ತು, ಗೊತ್ತಾಗಲಿಲ್ಲ. ಗೊತ್ತಾಗಲಿಲ್ಲ ಅಂತಲೇ ಹೇಳಿದೆ.